ಹದಿಮೂರರ ಮಗ್ಗಿ

ಶಹಾಪುರ
೧೨ ಆಗಸ್ಟ್ ೨೦೨೪

ಚಿ. ಸೌ. ಮರಿಲಿಂಗಮ್ಮಳಿಗೆ,

ತಾಯಪ್ಪ ಮಾಸ್ತರ ಬರೆಯುವುದು. ಹೆಸರು ಓದಿದ ಕೂಡಲೇ ನೀನು ಈ ಕಾಗದವನ್ನು ಒಲೆಗೆ ಹಾಕಿದರೂ ನನಗೆ ಸಿಟ್ಟಿಲ್ಲ.

‘ಇತ್ತ ಕಡೆ ನಾವೆಲ್ಲರೂ ಕ್ಷೇಮ’ ಎಂದು ಪತ್ರ ಶುರು ಮಾಡಬೇಕೆಂದು ಆರನೆಯ ತರಗತಿಯಲ್ಲಿ ನಿಮಗೆಲ್ಲ ಕಲಿಸಿದವನು ನಾನೇ. ಇವತ್ತು ಆ ಸಾಲು ಬರೆಯಲು ಕೈ ಏಳುತ್ತಿಲ್ಲ. ನಿನ್ನ ವಿಳಾಸ ಕೊಟ್ಟವನು ಮುಜಫರ, ನಿನ್ನ ತರಗತಿಯವನೇ. ಈಗ ವಡಗೇರಾದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನಿನ್ನ ಫೋನ್ ನಂಬರನ್ನೂ ಕೊಟ್ಟ. ಆದರೆ ನಿನ್ನ ದನಿ ಕೇಳುವ ಧೈರ್ಯ ನನಗಿಲ್ಲ.

ಸಂಗತಿ ಹೀಗಿದೆ. ಏಪ್ರಿಲ್‌ನಲ್ಲಿ ಒಂದು ಮುಂಜಾನೆ ಚಹಾ ಕುಡಿಯುತ್ತ ಕೂತಿದ್ದೆ. ಎದುರಿಗೆ ಸೊಸೆ ಲಕ್ಷ್ಮಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಮರುಕ್ಷಣ ನೋಡಿದರೆ ಚಹಾ ಆರಿಹೋಗಿದೆ, ನನ್ನ ಧೋತರದ ಅಂಚು ಕೈಯಲ್ಲಿ ಮುದ್ದೆಯಾಗಿದೆ, ಲಕ್ಷ್ಮಿ ನನ್ನ ಮೊಣಕೈ ಹಿಡಿದು ನಿಂತಿದ್ದಾಳೆ.

“ಮಾವಾರ, ಏನ್ ತಿನ್ನಾಕತ್ತಿದ್ರಿ?” ಅಂದಳು.

“ಏನ ತಿನ್ಲಿ? ನೀ ಕೊಟ್ಟಿದ್ದು ಬರೇ ಚಾ.”

“ಬಾಯಾಗ ಏನೂ ಇಲ್ದನ ಮೆಲ್ಲಾಕತ್ತಿದ್ರಲ್ರಿ. ಕರದ್ರ ಓ ಅನ್ಲಿಲ್ಲ.”

ಕಲಬುರಗಿಯ ಡಾಕ್ಟರಿಗೆ ತೋರಿಸಿದೆವು. ಮತ್ತೆ ಬಂದರೆ ಫೋನಿನಲ್ಲಿ ಹಿಡಿದು ತನ್ನಿ ಅಂದರು. ಎಂಟು ದಿನಕ್ಕೆ ಬಂತು, ಲಕ್ಷ್ಮಿ ಹಿಡಿದಳು. ಆಮೇಲೆ ನಾನೂ ನೋಡಿದೆ. ಒಬ್ಬ ಮುದುಕ ಕಣ್ಣು ತೆರೆದುಕೊಂಡು ಎಲ್ಲೋ ನೋಡುತ್ತಿದ್ದಾನೆ. ತುಟಿ ಚಪ್ಪರಿಸುತ್ತಾನೆ, ಜಗಿಯುತ್ತಾನೆ, ಬಟ್ಟೆಯ ಅಂಚು ಹಿಂಡುತ್ತಾನೆ. ಆ ಮುಖವನ್ನು ನಾನು ಹಿಂದೆ ಒಮ್ಮೆ ಕಂಡಿದ್ದೆ. ಎರಡನೆಯ ಸಾಲಿನಲ್ಲಿ, ಕಿಟಕಿಯ ಬದಿಗೆ, ಹದಿಮೂರರ ಮಗ್ಗಿ ಹೇಳಲು ಎದ್ದು ‘ಹದಿಮೂರು ನಾಕ್ಲ’ ಎನ್ನುವಲ್ಲಿ ನಿಂತುಹೋದ ಹುಡುಗಿಯ ಮುಖ ಅದು.

ಮುಂದಿನದನ್ನು ನಾನು ನಿನಗೆ ಹೇಳಬೇಕಾಗಿಲ್ಲ. ಬಾಯಲ್ಲಿ ಶೇಂಗಾ ಇಟ್ಟುಕೊಂಡಿದ್ದೀ ಅಂತ ತಿಳಿದೆ. ಎಲ್ಲರೆದುರು ಬಾಯಿ ತೆರೆಸಿದೆ. ಒಳಗೆ ಏನೂ ಇರಲಿಲ್ಲ. ಆದರೂ ಕಟ್ಟಿಗೆಯ ಪಟ್ಟಿಯಿಂದ ಹೊಡೆದೆ. “ಎಮ್ಮಿ ಮೆಲಕ ಹಾಕಾಕತ್ತದ, ಎಮ್ಮಿಗ್ಯಾಕ ಮಗ್ಗಿ” ಅಂದೆ. ಹುಡುಗರು ನಕ್ಕರು. ಅವರು ನಕ್ಕದ್ದು ನನಗೆ ಹಿತವಾಯಿತು. ವಾರಕ್ಕೊಮ್ಮೆ ಅದನ್ನೇ ಅಂದೆ. ದಸರೆಯ ರಜೆ ಮುಗಿದ ಮೇಲೆ ನೀನು ಶಾಲೆಗೆ ಬರಲಿಲ್ಲ.

ನನಗೆ ಯಾವಾಗಲೋ ಒಂದು ಸಣ್ಣ ಪಾರ್ಶ್ವವಾಯು ಗೊತ್ತಿಲ್ಲದಂತೆ ಹೊಡೆದು ಹೋಗಿದೆಯಂತೆ. ಮಿದುಳಿನ ಒಂದು ಕಡೆ ಅದರ ಕಲೆ ಉಳಿದು, ಅಲ್ಲಿಂದ ಈ ಫಿಟ್ಸ್ ಏಳುತ್ತದಂತೆ. ಒಂದೇ ಕಡೆ ಏಳುವುದರಿಂದ ಬೀಳುವುದಿಲ್ಲ, ನಡುಗುವುದಿಲ್ಲ. ನೋಡಿದವರಿಗೆ ಸೊಕ್ಕಿನ ಹಾಗೆ ಕಾಣುತ್ತದೆ. ಲಕ್ಷ್ಮಿಗಷ್ಟೇ ಗೊತ್ತು. ಮಗ ಕಾಂತೇಶನಿಗೂ ಹೇಳಬೇಡ ಅಂದಿದ್ದೇನೆ.

ಜನವರಿಯಲ್ಲಿ ಮುಜಫರ ಮತ್ತು ಹಳೆಯ ವಿದ್ಯಾರ್ಥಿಗಳು ಸೇರಿ ನೀನು ಓದಿದ ಊರ ಶಾಲೆಯಲ್ಲಿ ನನಗೆ ಸನ್ಮಾನ ಇಟ್ಟಿದ್ದಾರೆ. ಮೈಕಿನ ಮುಂದೆ, ಮುನ್ನೂರು ಮಂದಿಯೆದುರು ನನ್ನ ದವಡೆ ಆಡತೊಡಗಿದರೆ? ಈ ಬೇನೆಯವರು ಅಂತ ನನಗೆ ಗೊತ್ತಿರುವುದು ಇಬ್ಬರೇ. ಒಬ್ಬ ನಾನು, ಇನ್ನೊಬ್ಬಳು ನೀನು. ಇದು ಮುಂದೆ ಮನುಷ್ಯನನ್ನು ಎಲ್ಲಿಗೆ ಒಯ್ಯುತ್ತದೆ? ನಿನ್ನನ್ನು ಎಲ್ಲಿಗೆ ಒಯ್ಯಿತು? ತಿಳಿಸಿದರೆ ಉಪಕಾರ.

ತಾಯಪ್ಪ
ನಿವೃತ್ತ ಶಿಕ್ಷಕ


ಸುರಪುರ
೩೦ ಸೆಪ್ಟೆಂಬರ್ ೨೦೨೪

ತಾಯಪ್ಪ ಮಾಸ್ತರರಿಗೆ,

ನಿಮ್ಮ ಕಾಗದ ಒಂದು ತಿಂಗಳು ಹೊಲಿಗೆ ಮಿಷನ್ನಿನ ಖಾನೆಯಲ್ಲಿ ಬಿದ್ದಿತ್ತು. ಒಲೆಗೆ ಹಾಕಲಿಲ್ಲ. ಒಲೆಯ ಹತ್ತಿರ ನಾನು ಒಬ್ಬಳೇ ಕೂಡುವುದಿಲ್ಲ, ಅದಕ್ಕೆ.

ನೀವು ಇಟ್ಟ ಹೆಸರು ನನಗಿಂತ ಮೊದಲು ಊರೂರು ತಿರುಗಿತು. ನನ್ನನ್ನು ನೋಡಲು ಬಂದ ಮೊದಲ ವರನ ಕಡೆಯವರು ಬಸ್ ಸ್ಟ್ಯಾಂಡಿನಲ್ಲಿ ‘ತಿಮ್ಮವ್ವನ ಮನಿ ಯಾವುದ್ರಿ’ ಎಂದು ನಮ್ಮವ್ವನ ಹೆಸರು ಹೇಳಿ ಕೇಳಿದರಂತೆ. ‘ಎಮ್ಮಿ ಮರಿಲಿಂಗಿ ಮನ್ಯೇನ್ರಿ’ ಅಂತ ಯಾರೋ ತಿರುಗಿ ಕೇಳಿದರು. ಅವರು ಅಲ್ಲಿಂದಲೇ ವಾಪಸು ಬಸ್ ಹತ್ತಿದರು.

ನಿಮಗೆ ಗೊತ್ತಿಲ್ಲದ ಒಂದು ಮಾತು ಹೇಳುತ್ತೇನೆ. ನಿಮ್ಮ ಅಂಜಿಕೆಗೆ ನಾನು ಮನೆಯಲ್ಲಿ ಮುಂಜಾನೆ ಸಂಜೆ ಹದಿಮೂರರ ಮಗ್ಗಿಯನ್ನೇ ಹೇಳುತ್ತಿದ್ದೆ. ಕೇಳಿ ಕೇಳಿ, ಶಾಲೆಯ ಮೆಟ್ಟಿಲು ಹತ್ತದ ನಮ್ಮವ್ವನಿಗೂ ಅದು ಬಾಯಿಗೆ ಬಂತು. ಮನೆಯಲ್ಲೂ ನಾನು ಮಗ್ಗಿ ಹೇಳುವಾಗಲೇ ಎರಡು ಮೂರು ಸಲ ನಿಂತುಹೋದೆ. ನಮ್ಮವ್ವ ಏನು ತಿಳಿದಳೆಂದರೆ, ಮಗಳು ಮಗ್ಗಿಯಲ್ಲಿ ಸಿಕ್ಕಿಬಿದ್ದಿದ್ದಾಳೆ, ಯಾರಾದರೂ ಅದನ್ನು ಮುಗಿಸಿಕೊಟ್ಟರೆ ಹೊರಗೆ ಬರುತ್ತಾಳೆ ಎಂದು. ಅದಕ್ಕೇ ನನ್ನ ಕಣ್ಣು ನಿಂತ ಕೂಡಲೇ ಎದುರಿಗೆ ಕೂತು ಹೇಳತೊಡಗುತ್ತಿದ್ದಳು. ಒಂದು ಸಲ ಮುಗಿಸಿದರೆ ನಾನು ಬರುತ್ತಿರಲಿಲ್ಲ. ಎರಡು ಸಲ ಮುಗಿಸಿದರೂ ಬರುತ್ತಿರಲಿಲ್ಲ. ಮೂರನೆಯದು ಮುಗಿಯುವಾಗ ಬರುತ್ತಿದ್ದೆ. ಮಗ್ಗಿಯಿಂದಲೇ ಮಗಳು ತಿರುಗಿ ಬರುತ್ತಾಳೆಂದು ನಮ್ಮವ್ವ ಸಾಯುವತನಕ ನಂಬಿದ್ದಳು.

ಗಾಳಿ ಸೋಕಿದೆ ಎಂದು ಕೊಡೇಕಲ್ ಗುಡಿಗೆ ಹೋದೆವು, ತಿಂಥಣಿ ಗುಡಿಗೆ ಹೋದೆವು, ದಾರ ಕಟ್ಟಿಸಿದೆವು. ನನಗೆ ಇಪ್ಪತ್ತಾದಾಗ ಓಣಿಯ ಆಶಾ ಕಾರ್ಯಕರ್ತೆ ಹಜರಾಬೀ ಕಂಡು, “ತಿಮ್ಮವ್ವ, ಇದು ಗಾಳಿ ಅಲ್ಲ. ಬೀಮಾರಿ ಅದ, ದವಾನೂ ಅದ” ಎಂದು ಕೈಹಿಡಿದು ಕಲಬುರಗಿಗೆ ಕರೆದೊಯ್ದಳು. ಎಷ್ಟು ಹೊತ್ತು ಇರುತ್ತದೆ ಎಂದು ಡಾಕ್ಟರು ಕೇಳಿದರು. “ಹದಿಮೂರರ ಮಗ್ಗಿ ಮೂರು ಸಲ ಅನ್ನಾತನಕ ಇರ್ತದ್ರಿ ಸಾಹೇಬ್ರ” ಅಂದಳು ನಮ್ಮವ್ವ. “ಹೇಳ್ರಿ ನೋಡೋಣು” ಎಂದು ಅವರು ಗಡಿಯಾರ ನೋಡುತ್ತ ಕೂತರು. ಅವಳು ತಲೆಯ ಮೇಲೆ ಸೆರಗು ಹೊತ್ತು, ನಿಂತುಕೊಂಡು ಮೂರು ಸಲ ಹೇಳಿದಳು. ಒಂದೂವರೆ ನಿಮಿಷ ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಂಡರು. ನಗಲಿಲ್ಲ.

ಇನ್ನು ನೀವು ಕೇಳಿದ್ದು. ಅವತ್ತು ಡಾಕ್ಟರು ಹೇಳಿದ್ದು ನನಗಿನ್ನೂ ನೆನಪಿದೆ. ಹೆಚ್ಚಿನವರಿಗೆ ಗುಳಿಗೆಯಿಂದಲೇ ಇದು ಹಿಡಿತಕ್ಕೆ ಬರುತ್ತದೆ. ಒಂದು ಗುಳಿಗೆ ಆಗದಿದ್ದರೆ ಇನ್ನೊಂದು. ವರ್ಷಗಟ್ಟಲೆ ಬಾರದೆ ಹೋದರೆ ಕೆಲವರಿಗೆ ಡಾಕ್ಟರೇ ನಿಧಾನಕ್ಕೆ ಗುಳಿಗೆ ಬಿಡಿಸುತ್ತಾರೆ. ಕೆಲವರಿಗೆ ಕೊನೆತನಕ ಬೇಕು. ಯಾವ ಗುಳಿಗೆಗೂ ಬಗ್ಗದವರೂ ಇರುತ್ತಾರೆ, ಅವರಲ್ಲಿ ಕೆಲವರಿಗೆ ಆಪರೇಷನ್ ಮಾಡುತ್ತಾರೆ. ನಾನು ನಡುವಿನವಳು. ಎರಡನೆಯ ಗುಳಿಗೆ ನನಗೆ ಹಿಡಿಸಿತು. ಮುಂದೆ ಒಂದು ಕಾಲಕ್ಕೆ ಆರು ವರ್ಷ ಏನೂ ಬರಲಿಲ್ಲ. ಡಾಕ್ಟರು ಗುಳಿಗೆ ಇಳಿಸಿ ನೋಡಿದರು, ಎಂಟು ತಿಂಗಳಿಗೆ ತಿರುಗಿ ಬಂತು, ಮತ್ತೆ ಏರಿಸಿದರು. ಈಗ ವರ್ಷಕ್ಕೆ ಒಂದೋ ಎರಡೋ. ಬರುವ ಮೊದಲು ಸೀದ ರೊಟ್ಟಿಯ ವಾಸನೆ ಬರುತ್ತದೆ. ಮಿಷನ್ ನಿಲ್ಲಿಸಿ ನೆಲಕ್ಕೆ ಕೂಡುತ್ತೇನೆ.

ಮದುವೆಯಾಯಿತು. ಗಂಡ ದೇವಿಂದ್ರ ಗೌಂಡಿ ಕೆಲಸದವರು. ಮೊದಲೇ ಎಲ್ಲ ಹೇಳಿದೆ. “ನನಗ ಬೀಡಿ ಅದ, ನಿನಗ ಇದು ಅದ” ಅಂದರು. ಬಸಿರಾಗುವ ಮೊದಲು ಡಾಕ್ಟರನ್ನು ಕೇಳಿ ಗುಳಿಗೆ ಬದಲಿಸಿಕೊಂಡೆ. ಮಗಳು ಈಗ ಆರನೆಯ ತರಗತಿ. ಮನೆಯಲ್ಲೇ ಓದಿ ಹತ್ತನೆಯದು ಪಾಸಾದೆ. ನನ್ನ ಕೈಯ ರವಿಕೆಗೆ ರಂಗಂಪೇಟೆಯಿಂದಲೂ ಬರುತ್ತಾರೆ. ಇದು ನನ್ನನ್ನು ಒಯ್ದದ್ದು ಇಲ್ಲಿಗೆ. ಬೇನೆಯಿಂದ ನಾನು ಕಳೆದುಕೊಂಡದ್ದು ಸ್ವಲ್ಪ. ಹೆಸರಿನಿಂದ ಕಳೆದುಕೊಂಡದ್ದು ಹೆಚ್ಚು.

ನೀವು ನಾಲ್ಕು ಪುಟ ಬರೆದಿದ್ದೀರಿ. ಎರಡು ಸಲ ಓದಿದೆ. ತಪ್ಪಾಯಿತು ಎಂಬ ಮಾತು ಎಲ್ಲಿಯೂ ಸಿಗಲಿಲ್ಲ.

ಮರಿಲಿಂಗಮ್ಮ


ಶಹಾಪುರ
೧೮ ಅಕ್ಟೋಬರ್ ೨೦೨೪

ಮರಿಲಿಂಗಮ್ಮ ತಾಯಿಗೆ,

ತಪ್ಪಾಯಿತು.

ಇದನ್ನು ಬರೆಯಲು ಅರ್ಧ ದಿನ ಹಿಡಿಯಿತು. ಮೂವತ್ತೆಂಟು ವರ್ಷ ಸಾವಿರಾರು ಹುಡುಗರಿಂದ ಈ ಮಾತು ಹೇಳಿಸಿದೆ, ನಾನು ಒಬ್ಬರಿಗೂ ಹೇಳಿರಲಿಲ್ಲ.

ನಾಚಿಕೆಯ ಮಾತು ಇನ್ನೂ ಎರಡಿವೆ. ನಿನ್ನ ಹತ್ತಿರ ಮುಚ್ಚಿಟ್ಟು ಏನು ಮಾಡಲಿ. ಗುಳಿಗೆ ನುಂಗಿದರೆ ತೂಕಡಿಕೆ ಬರುತ್ತದೆ. ಕಟ್ಟೆಯ ಮೇಲಿನವರು ‘ಮಾಸ್ತರಿಗೆ ವಯಸ್ಸಾತು’ ಎನ್ನುತ್ತಾರೆ. ಅದಕ್ಕೆ ಹದಿನೈದು ದಿನಗಳಿಂದ ಲಕ್ಷ್ಮಿಯ ಕಣ್ಣು ತಪ್ಪಿಸಿ ದಾಸವಾಳದ ಬುಡಕ್ಕೆ ಹಾಕುತ್ತಿದ್ದೇನೆ. ಇನ್ನೊಂದು, ಮೊಮ್ಮಗಳನ್ನು ದಿನಾ ಶಾಲೆಗೆ ಬೈಕಿನ ಮೇಲೆ ಬಿಟ್ಟು ಬರುತ್ತೇನೆ. ಬೇಡವೆಂದು ಡಾಕ್ಟರು ಖಡಕ್ಕಾಗಿ ಹೇಳಿದ್ದಾರೆ. ಲಕ್ಷ್ಮಿ ಒಳಗೊಳಗೇ ಕುದಿಯುತ್ತಾಳೆಯೇ ಹೊರತು ಮಾವನ ಕೈಯಿಂದ ಚಾವಿ ಕಸಿಯಲಾರಳು. ನಿಲ್ಲಿಸಿದರೆ ಯಾಕೆ ಎಂದು ಕಾಂತೇಶ ಕೇಳುತ್ತಾನೆ. ಏನು ಹೇಳಲಿ? ಇವತ್ತಿನವರೆಗೆ ಏನೂ ಆಗಿಲ್ಲ.

ತಾಯಪ್ಪ


ಸುರಪುರ
೨೪ ಅಕ್ಟೋಬರ್ ೨೦೨೪

ಮಾಸ್ತರರಿಗೆ,

ಇವತ್ತೇ ಚಾವಿ ನಿಮ್ಮ ಸೊಸೆಯ ಕೈಗೆ ಕೊಡಿ. ಕಾಗದ ಓದಿ ಮುಗಿಸುವ ಮೊದಲು ಕೊಟ್ಟು ಬನ್ನಿ.

ಒಂದೂವರೆ ನಿಮಿಷದಲ್ಲಿ ಬೈಕು ಎಷ್ಟು ದೂರ ಹೋಗುತ್ತದೆ, ಲೆಕ್ಕ ಕಲಿಸಿದವರು ನೀವು. ಹಿಂದೆ ಕೂತ ಮಗುವಿಗೆ ನಿಮ್ಮ ಬೆನ್ನು ಕಾಣುತ್ತದೆ, ನಿಮ್ಮ ಕಣ್ಣು ಕಾಣುವುದಿಲ್ಲ. ಮತ್ತೆ ಯಾವಾಗ ಓಡಿಸಬಹುದು, ಓಡಿಸಬಹುದೋ ಇಲ್ಲವೋ, ಅದನ್ನು ಡಾಕ್ಟರು ಹೇಳಲಿ.

ಗುಳಿಗೆಯನ್ನು ನಾನೂ ಒಂದು ಸಲ ನನ್ನಷ್ಟಕ್ಕೆ ಬಿಟ್ಟಿದ್ದೆ, ಮದುವೆಯಾದ ಹೊಸತರಲ್ಲಿ. ಅತ್ತೆಯ ಮುಂದೆ ನುಂಗಲು ನಾಚಿಕೆ. ನಾಲ್ಕನೆಯ ದಿನ, ಯಾವತ್ತೂ ಬೀಳದವಳು, ಕೈಕಾಲು ನಡುಗಿ ಬಚ್ಚಲಲ್ಲಿ ಬಿದ್ದೆ. ಎಚ್ಚರವಾದಾಗ ರಾಯಚೂರಿನ ಆಸ್ಪತ್ರೆಯಲ್ಲಿದ್ದೆ. ತೂಕಡಿಕೆ ಬರುತ್ತಿದ್ದರೆ ಡಾಕ್ಟರಿಗೆ ಹೇಳಿ, ಅವರು ಬದಲಿಸುತ್ತಾರೆ. ದಾಸವಾಳಕ್ಕೆ ಫಿಟ್ಸ್ ಇಲ್ಲ.

ನೀವು ಬರೆದ ತಪ್ಪಾಯಿತು ಮುಟ್ಟಿತು. ಈಗ ಅದು ನನ್ನೊಬ್ಬಳ ಮಿಷನ್ ಖಾನೆಯಲ್ಲಿದೆ. ಹೆಸರನ್ನು ನೀವು ಇಟ್ಟದ್ದು ಎಲ್ಲರ ಮುಂದೆ.

ಮರಿಲಿಂಗಮ್ಮ


ಶಹಾಪುರ
೬ ಜನವರಿ ೨೦೨೫

ಮರಿಲಿಂಗಮ್ಮ ತಾಯಿಗೆ,

ಚಾವಿ ಅವತ್ತೇ ಕೊಟ್ಟೆ. ಲಕ್ಷ್ಮಿ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು. “ಇಷ್ಟು ದಿನ ನಾನು ಜೀವ ಕೈಯಾಗ ಹಿಡ್ಕೊಂಡು ಬಾಗಲ್ದಾಗ ನಿಂದ್ರತಿದ್ದೆ ಮಾವಾರ. ನಿಮಗ ಹ್ಯಾಂಗ ಹೇಳ್ಬೇಕು?” ಎಂದು ಗೋಡೆಯ ಕಡೆ ತಿರುಗಿ ಅತ್ತಳು. ಮನೆ ನಡುಗಿಸಿದವನು ಅಂತ ನನ್ನನ್ನು ನಾನು ಯಾವತ್ತೂ ಅಂದುಕೊಂಡಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಕಾಂತೇಶನಿಗೆ ಎಲ್ಲ ಹೇಳಿದೆ. ಅವನು ತುತ್ತು ಕೈಯಲ್ಲೇ ಹಿಡಿದುಕೊಂಡು ಕೇಳಿದ. “ಅಪ್ಪಾ, ಆ ಹುಡುಗಿಗಿ ಇಟ್ಟ ಹೆಸರು ನಮ್ಮ ಓಣ್ಯಾಗೂ ಇತ್ತಲ್ಲ. ನಾವೂ ಅಂತಿದ್ವಿ,” ಅಂದ. ಮತ್ತೆ ಊಟ ಮಾಡಲಿಲ್ಲ.

ಡಾಕ್ಟರು ಗುಳಿಗೆ ಬದಲಿಸಿದ್ದಾರೆ. ತೂಕಡಿಕೆ ಕಡಿಮೆಯಾಗಿದೆ. ಮೊದಲು ವಾರಕ್ಕೊಮ್ಮೆ ಬರುತ್ತಿದ್ದದ್ದು ಈಗ ಐದು ವಾರಕ್ಕೆ ಒಂದಾಗಿದೆ. ನನ್ನಂಥ ವಯಸ್ಸಿನವರಿಗೆ ಗುಳಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದಂತೆ, ಆದರೆ ಕೊನೆತನಕ ಬಿಡುವ ಹಾಗಿಲ್ಲವಂತೆ. ಇರಲಿ.

ಇದೇ ಹತ್ತೊಂಬತ್ತು, ಭಾನುವಾರ ಮುಂಜಾನೆ ಸನ್ಮಾನ. ಅಲ್ಲಿ ಮೈಕಿನಲ್ಲಿ, ಎಲ್ಲರ ಮುಂದೆ, ನಾನು ಆ ‘ತಪ್ಪಾಯಿತು’ ಹೇಳುತ್ತೇನೆ. ನೀನು ಬಾ ಎಂದು ಕೇಳುವ ಮುಖ ನನಗಿಲ್ಲ. ಆದರೂ ಬಾ.

ತಾಯಪ್ಪ


ಶಹಾಪುರ
೨೨ ಜನವರಿ ೨೦೨೫

ಮರಿಲಿಂಗಮ್ಮ ತಾಯಿಗೆ,

ಶಾಲು ಹೊದಿಸಿದ್ದು ನೆನಪಿದೆ. ಮೈಕು ಹಿಡಿದದ್ದು ನೆನಪಿದೆ. ಮುಂದೆ ನನಗೆ ಕಂಡದ್ದು ನೀನು, ನನ್ನ ಎದುರಿಗೆ ಮಂಡಿಯೂರಿ ಕೂತಿದ್ದೆ. ಇಪ್ಪತ್ತೈದು ವರ್ಷವಾಗಿದ್ದರೂ ಗುರುತು ಸಿಕ್ಕಿತು. ಮಾತಾಡುವಷ್ಟರಲ್ಲಿ ಕಾಂತೇಶ ಕಾರಿನಲ್ಲಿ ಕೂರಿಸಿಬಿಟ್ಟ.

ಯಾರೂ ನನಗೆ ಸರಿಯಾಗಿ ಹೇಳುತ್ತಿಲ್ಲ. ಮುಜಫರ “ಕಾರ್ಯಕ್ರಮ ಮಸ್ತ್ ಆತ್ರಿ ಸರ್” ಎನ್ನುತ್ತಾನೆ. ಲಕ್ಷ್ಮಿ “ಮಲ್ಕೋರಿ” ಎನ್ನುತ್ತಾಳೆ. ನಾನು ಅದನ್ನು ಹೇಳಿದೆನೋ ಇಲ್ಲವೋ? ನೀನಾದರೂ ಇದ್ದದ್ದನ್ನು ಬರೆ.

ತಾಯಪ್ಪ


ಸುರಪುರ
೩೦ ಜನವರಿ ೨೦೨೫

ತಾಯಪ್ಪ ಗುರುಗಳಿಗೆ ಶರಣು,

ನೀವು ಹೇಳಲಿಲ್ಲ.

“ಈ ಶಾಲ್ಯಾಗ ಒಂದು ಹುಡುಗಿಗಿ ನಾನು” ಎನ್ನುವತನಕ ಬಂದಿರಿ. ಅಲ್ಲಿ ನಿಂತಿರಿ. ಕಣ್ಣು ನಮ್ಮ ತಲೆಗಳ ಮೇಲಿಂದ ಎಲ್ಲೋ ಹೋಯಿತು. ಬಾಯಿ ಆಡತೊಡಗಿತು. ಮೈಕು ಬಾಯಿಯ ಹತ್ತಿರವೇ ಇದ್ದುದರಿಂದ ತುಟಿ ಚಪ್ಪರಿಸುವ ಸದ್ದು ಮೂರೂ ಲೌಡ್‌ಸ್ಪೀಕರಿನಲ್ಲಿ ಬಂತು. ಇನ್ನೊಂದು ಕೈ ಶಾಲಿನ ಅಂಚನ್ನು ಹಿಂಡುತ್ತಿತ್ತು.

ಯಾರೋ ನಕ್ಕರು. ಅವರ ಹಿಂದೆ ಹತ್ತು ಮಂದಿ ನಕ್ಕರು. “ಮಾಸ್ತರ ಶೇಂಗಾ ತಿನ್ನಾಕತ್ತಾರ” ಎಂದು ಹಿಂದಿನಿಂದ ಒಬ್ಬ ಅಂದ.

ಇದ್ದದ್ದನ್ನು ಬರೆ ಅಂದಿದ್ದೀರಿ. ಅದಕ್ಕೆ ಬರೆಯುತ್ತೇನೆ. ಮೊದಲು ನಕ್ಕವಳು ನಾನು.

ತಡೆಯಲಾಗಲಿಲ್ಲ. ಇಷ್ಟು ವರ್ಷ ಒಳಗೆ ಕೂತಿದ್ದ ನಗೆ ಹೊರಗೆ ಬಂದುಬಿಟ್ಟಿತು. ಆ ಒಂದು ಕ್ಷಣ ನನಗೆ ಹಿತವಾಯಿತು, ನೀವು ಬರೆದಿದ್ದಿರಲ್ಲ, ಹಾಗೆ. ಈ ಬೇನೆ ಒಳಗಿನಿಂದ ಹೇಗಿರುತ್ತದೆ ಎಂದು ಆ ಪೆಂಡಾಲಿನಲ್ಲಿ ನಿಮ್ಮನ್ನು ಬಿಟ್ಟರೆ ಗೊತ್ತಿದ್ದವಳು ನಾನೊಬ್ಬಳೇ, ಮತ್ತು ನಾನೇ ನಕ್ಕೆ. ಪಕ್ಕದಲ್ಲಿ ನನ್ನ ಮಗಳು ಕೂತಿದ್ದಳು. ಅವಳು ನಗಲಿಲ್ಲ. ನನ್ನ ಮುಖ ನೋಡಿ, “ಅವ್ವಾ, ನಿನಗ ಬಂದಾಗ ನಾ ಎಂದರ ನಕ್ಕೀನೇನು?” ಅಂದಳು.

ಎದ್ದು ಬಂದೆ. ಸ್ಟೇಜಿನ ಮೇಲೆ ಯಾರೋ ನಿಮ್ಮ ಭುಜ ಅಲುಗಾಡಿಸುತ್ತಿದ್ದರು, ಯಾರೋ ನೀರಿನ ಬಾಟಲಿ ಬಾಯಿಗೆ ಹಿಡಿದಿದ್ದರು. ಬಿಡ್ರಿ, ಏನೂ ಕುಡಿಸಬ್ಯಾಡ್ರಿ, ಹಿಡೀಬ್ಯಾಡ್ರಿ ಎಂದೆ. ಮೈಕನ್ನು ನಿಮ್ಮ ಕೈಯಿಂದ ಮೆಲ್ಲಗೆ ತೆಗೆದು ಕೆಳಗಿಟ್ಟೆ. ಬಂದ್ ಮಾಡುವುದು ಗೊತ್ತಾಗಲಿಲ್ಲ. ನಿಮ್ಮನ್ನು ಖುರ್ಚಿಯಲ್ಲಿ ಕೂರಿಸಿ ಎದುರಿಗೆ ಕೂತೆ. ಆಮೇಲೆ ನನ್ನ ಬಾಯಿಗೆ ತಾನಾಗಿ ಬಂತು. ಹದಿಮೂರೊಂದ್ಲ ಹದಿಮೂರು. ಹದಿಮೂರೆರಡ್ಲ ಇಪ್ಪತ್ತಾರು.

ಮೈಕು ಚಾಲೂ ಇತ್ತಲ್ಲ, ಎಲ್ಲರಿಗೂ ಕೇಳಿಸಿತು. ಮೊದಲ ಸಲ ನಾನೊಬ್ಬಳೇ ಹೇಳಿದೆ. ಎರಡನೆಯದಕ್ಕೆ ಮುಜಫರ ಸೇರಿಕೊಂಡ. ಮೂರನೆಯದಕ್ಕೆ ಇಡೀ ಪೆಂಡಾಲು ಹೇಳುತ್ತಿತ್ತು. ನಿಮ್ಮ ಪಟ್ಟಿಯ ಏಟು ತಿಂದವರು ಎಲ್ಲರೂ, ಗಡ್ಡ ಬೆಳ್ಳಗಾದವರು, ಮಕ್ಕಳನ್ನು ಎತ್ತಿಕೊಂಡವರು. ಯಾಕೆ ಹೇಳುತ್ತಿದ್ದೇವೆ ಎಂದು ಅವರಿಗೆ ಗೊತ್ತಿರಲಿಲ್ಲ. ‘ಹದಿಮೂರು ಹತ್ಲ ನೂರಾ ಮೂವತ್ತು’ ಅಂದಾಗ ನೀವು ನನ್ನ ಕಡೆ ನೋಡಿದಿರಿ.

ನಮ್ಮವ್ವ ಇದ್ದಿದ್ದರೆ, ನೋಡಿದಿರಾ, ಮಗ್ಗಿಯಿಂದಲೇ ಬಂದರು ಅನ್ನುತ್ತಿದ್ದಳು.

ನಾನು ನಕ್ಕದ್ದಕ್ಕೆ ನನ್ನದೂ ತಪ್ಪಾಯಿತು. ಉಳಿದ ಮಾತು ಇನ್ನೂ ನಿಮ್ಮ ಹತ್ತಿರವೇ ಇದೆ. ಅದನ್ನು ಮುಗಿಸಿಕೊಡಲು ನನಗೆ ಬರುವುದಿಲ್ಲ.

ನಿಮ್ಮ ವಿದ್ಯಾರ್ಥಿನಿ
ಮರಿಲಿಂಗಮ್ಮ


ಶಹಾಪುರ
೧೭ ಫೆಬ್ರುವರಿ ೨೦೨೫

ಮರಿಲಿಂಗಮ್ಮ ತಾಯಿಗೆ,

ಇವತ್ತು ಸೋಮವಾರ. ಮುಂಜಾನೆ ಲಕ್ಷ್ಮಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಊರಿಗೆ ಹೋದೆ. ಮುಖ್ಯಗುರುಗಳಿಗೆ ಹೇಳಿ ಪ್ರಾರ್ಥನೆಯ ಹೊತ್ತಿಗೆ ಐದು ನಿಮಿಷ ಕೇಳಿಕೊಂಡೆ. ಮುಜಫರ ಓಣಿಯವರನ್ನು ಒಂದಿಷ್ಟು ಸೇರಿಸಿದ್ದ. ಕಾಂತೇಶನೂ ಯಾದಗಿರಿಯ ಕೆಲಸಕ್ಕೆ ರಜೆ ಹಾಕಿ ಬಂದಿದ್ದ.

ನಿಂತಲ್ಲಿಂದ ಶುರು ಮಾಡಿದೆ. ಈ ಶಾಲೆಯಲ್ಲಿ ಒಂದು ಹುಡುಗಿಗೆ ನಾನು ಎಮ್ಮೆ ಎಂದು ಹೆಸರಿಟ್ಟೆ. ಅವಳಿಗೆ ಬೇನೆ ಇತ್ತು, ನಾನು ಸೊಕ್ಕು ಎಂದು ತಿಳಿದು ಹೊಡೆದೆ. ಅವಳು ಶಾಲೆ ಬಿಟ್ಟಳು. ಈಗ ಅದೇ ಬೇನೆ ನನಗಿದೆ. ಅವಳ ಹೆಸರು ಮರಿಲಿಂಗಮ್ಮ, ತಿಮ್ಮವ್ವನ ಮಗಳು. ಬೇರೆ ಹೆಸರು ಅವಳಿಗೆ ಇಲ್ಲ. ತಪ್ಪು ನನ್ನದು. ಇಷ್ಟನ್ನೂ ನಡುವೆ ನಿಲ್ಲದೆ ಹೇಳಿದೆ.

ಓಣಿಯ ಹಿರಿಯನೊಬ್ಬ ಟೊಪ್ಪಿಗೆ ತೆಗೆದು ನೆಲ ನೋಡಿದ. ಆರನೆಯ ತರಗತಿಯ ಸಾಲಿನಿಂದ ಎರಡು ಜಡೆಯ ಒಂದು ಹುಡುಗಿ ಕೈ ಎತ್ತಿತು.

“ಸರ್, ಆ ಅಕ್ಕಗ ಈಗ ಹದಿಮೂರರ ಮಗ್ಗಿ ಬರ್ತದೇನ್ರಿ?”

“ಬರ್ತದವ್ವ,” ಅಂದೆ. “ನಾನು ಹೋದ ತಿಂಗಳು ಅಲ್ಲಿ ಸಿಕ್ಕಿಬಿದ್ದಿದ್ದೆ. ಆಕೀನ ಹೊರಗ ಕರ್ಕೊಂಡ ಬಂದಳು.”

ಇತ್ತ ಕಡೆ ನಾವೆಲ್ಲರೂ ಕ್ಷೇಮ. ಗುಳಿಗೆ ತಪ್ಪಿಸಿಲ್ಲ.

ತಾಯಪ್ಪ